ಮೂರಕ್ಷರದ ಫಲಕ

ಎ. ಐ. ಆರ್. ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಕಂಡೊಡನೆ ನನ್ನ ವಯಸ್ಸಿನವರಿಗೆ ಹೊಳೆಯುವ ಅರ್ಥ ಒಂದೇ. ಬೆಳಗಿನ ಜಾವದ ಆ ಸಂಕೇತ ಸಂಗೀತ, ವಾರ್ತೆ, ಕೃಷಿಕರ ಕಾರ್ಯಕ್ರಮ, ರಾತ್ರಿಯ ನಾಟಕ ಇವನ್ನೆಲ್ಲ ಹಳ್ಳಿಯ ಮನೆಗೂ ತಲಪಿಸಿದ ಸಂಸ್ಥೆಯ ಹೆಸರು ಅದು. 2023ರಲ್ಲಿ ಆ ಸಂಸ್ಥೆ ತನ್ನ ಇಂಗ್ಲಿಷ್ ಹೆಸರನ್ನು ಕೈಬಿಟ್ಟು 'ಆಕಾಶವಾಣಿ' ಎಂಬುದೊಂದನ್ನೇ ಉಳಿಸಿಕೊಂಡಿತು. 1935ರಲ್ಲಿ ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಪುಟ್ಟ ಬಾನುಲಿ ಕೇಂದ್ರದ ಹೆಸರು ಅದು ಎಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ನಾನು ಇಂದು ಹೇಳಹೊರಟಿರುವುದು ಆ ಎ. ಐ. ಆರ್. ಕತೆಯಲ್ಲ. ಅದೇ ಮೂರು ಅಕ್ಷರಗಳನ್ನು ಹೊತ್ತು, ನ್ಯೂಯಾರ್ಕ್ ನಗರದ ಹಳೆಯ ಗೋದಾಮುಗಳ ಬಾಗಿಲಲ್ಲಿ ಒಂದು ಕಾಲಕ್ಕೆ ತೂಗುತ್ತಿದ್ದ ಸಣ್ಣ ಫಲಕದ ಕತೆ.

ನಿವೃತ್ತಿಯ ನಂತರ ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದೆ. ಅಳಿಯ, ಮಗಳು ಇಬ್ಬರೂ ಕೆಲಸಕ್ಕೆ ಹೋದ ಮೇಲೆ ನನಗೆ ಆಶ್ರಯವಾದದ್ದು ಆ ಊರಿನ ಸಾರ್ವಜನಿಕ ಗ್ರಂಥಾಲಯ. ಅಲ್ಲಿ ಒಂದು ದಿನ ಚಿತ್ರಪುಸ್ತಕವೊಂದನ್ನು ತಿರುವಿಹಾಕುತ್ತಿದ್ದಾಗ ಆ ಫಲಕದ ಛಾಯಾಚಿತ್ರ ಕಣ್ಣಿಗೆ ಬಿತ್ತು. ತುಕ್ಕುಹಿಡಿದ ಕಬ್ಬಿಣದ ಬಾಗಿಲು, ಅದರ ಪಕ್ಕದಲ್ಲಿ ಎ. ಐ. ಆರ್. ಎಂದು ಬರೆದ ಹಲಗೆ, ಕೆಳಗೆ ಅಂತಸ್ತಿನ ಸಂಖ್ಯೆ. ನಮ್ಮ ಬಾನುಲಿಗೂ ಈ ಹಾಳು ಗೋದಾಮಿಗೂ ಎತ್ತಣ ಸಂಬಂಧ ಎಂದು ಬೆರಗಾಗಿ ಓದಿದೆ. 'ಆರ್ಟಿಸ್ಟ್ ಇನ್ ರೆಸಿಡೆನ್ಸ್', ಅಂದರೆ 'ಇಲ್ಲಿ ಕಲಾವಿದನೊಬ್ಬ ವಾಸವಾಗಿದ್ದಾನೆ' ಎಂಬುದು ಅದರ ಅರ್ಥವಾಗಿತ್ತು. ಅದು ಗೌರವಕ್ಕಾಗಿ ಹಾಕಿದ ಬಿರುದಿನ ಫಲಕವಲ್ಲ. ಕಟ್ಟಡಕ್ಕೆ ಬೆಂಕಿ ಬಿದ್ದರೆ ಯಾವ ಅಂತಸ್ತಿನಲ್ಲಿ ಮನುಷ್ಯರಿದ್ದಾರೆಂದು ಅಗ್ನಿಶಾಮಕ ದಳದವರಿಗೆ ತಿಳಿಯಲೆಂದು ಹಾಕಿದ್ದು!

ಇಂದು ಜಗತ್ತಿನ ಅನೇಕ ನಗರಗಳಲ್ಲಿ ಕಲಾವಿದರನ್ನು ಆಹ್ವಾನಿಸಿ, ಕೆಲವು ವಾರವೋ ತಿಂಗಳೋ ಇರಲು ಕೋಣೆ, ಕೆಲಸಕ್ಕೆ ಸ್ಥಳ, ಜತೆಗೆ ಸಹಕಲಾವಿದರ ಒಡನಾಟ ಇವನ್ನು ಒದಗಿಸುವ ಏರ್ಪಾಟುಗಳಿವೆ. ಅದಕ್ಕೂ 'ರೆಸಿಡೆನ್ಸಿ' ಎಂದೇ ಹೆಸರು. ಕೇಳಲು ಸೊಗಸಾದ ಪದ. ಆದರೆ ನಗರದ ನಡುಮಧ್ಯೆ ಕಲಾವಿದನಿಗೆ ಇರುವ ಹಕ್ಕುಂಟೇ ಎಂಬ ಪ್ರಶ್ನೆ ಒಂದು ಕಾಲಕ್ಕೆ ಬೆಂಕಿ, ಪೊಲೀಸು, ನ್ಯಾಯಾಲಯಗಳ ನಡುವೆ ಇತ್ಯರ್ಥವಾಗಬೇಕಾಯಿತು ಎಂಬುದನ್ನು ಆ ಪದ ಮರೆಸಿಬಿಡುತ್ತದೆ. ಆ ಪ್ರಶ್ನೆಗೂ ನನ್ನ ಬದುಕಿನ ಒಂದು ಸಣ್ಣ ವ್ಯಥೆಗೂ ಸಂಬಂಧವಿದೆ. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ಮ್ಯಾನ್ಹಟನ್ ದ್ವೀಪದ ದಕ್ಷಿಣ ಭಾಗದಲ್ಲಿ ಹೌಸ್ಟನ್ ಸ್ಟ್ರೀಟ್, ಕೆನಾಲ್ ಸ್ಟ್ರೀಟ್ ಎಂಬ ಎರಡು ಬೀದಿಗಳ ನಡುವೆ ಇರುವ ಪ್ರದೇಶಕ್ಕೆ ಸೋಹೋ ಎಂದು ಹೆಸರು. 'ಹೌಸ್ಟನ್‌ನ ದಕ್ಷಿಣಕ್ಕೆ' ಎಂಬ ಇಂಗ್ಲಿಷ್ ಮಾತಿನ ಸಂಕ್ಷೇಪ ಅದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದು ಜವಳಿ ವ್ಯಾಪಾರದ ಕೇಂದ್ರವಾಗಿತ್ತು. ವರ್ತಕರು ಇಲ್ಲಿ ಐದಾರು ಅಂತಸ್ತಿನ ಮಳಿಗೆಗಳನ್ನು ಕಟ್ಟಿಸಿದರು. ಆ ಕಟ್ಟಡಗಳ ವಿಶೇಷವೆಂದರೆ ಎರಕದ ಕಬ್ಬಿಣದ ಮುಂಭಾಗ. ಕಂಬ, ಬೋದಿಗೆ, ಕಮಾನು ಎಲ್ಲವನ್ನೂ ಎರಕದ ಮನೆಯಲ್ಲಿ ಅಚ್ಚುಹೊಯ್ದು, ಗಾಡಿಯಲ್ಲಿ ತಂದು ಜೋಡಿಸಿ, ಕಲ್ಲಿನಂತೆ ಕಾಣಲೆಂದು ಬಣ್ಣ ಬಳಿಯುತ್ತಿದ್ದರು. ಭಾರವನ್ನು ಕಬ್ಬಿಣ ಹೊರುತ್ತಿದ್ದುದರಿಂದ ಕಿಟಕಿಗಳನ್ನು ಎಷ್ಟು ಬೇಕಾದರೂ ಅಗಲಿಸಬಹುದಾಗಿತ್ತು. ವಿದ್ಯುದ್ದೀಪವಿಲ್ಲದ ಆ ದಿನಗಳಲ್ಲಿ ಬಟ್ಟೆಯ ಬಣ್ಣ ನೋಡಿ ಕೊಳ್ಳಲು ಹಗಲಿನ ಬೆಳಕು ಅವಶ್ಯ ತಾನೆ? 1857ರಲ್ಲಿ ಓಟಿಸ್ ಎಂಬಾತ ಪ್ರಯಾಣಿಕರನ್ನು ಹೊರುವ ತನ್ನ ಮೊದಲ ಲಿಫ್ಟನ್ನು ಜೋಡಿಸಿದ್ದು ಇಲ್ಲಿನ ಬ್ರಾಡ್‌ವೇ–ಬ್ರೂಮ್ ಬೀದಿಗಳ ಮೂಲೆಯ ಅಂಗಡಿಯಲ್ಲಿ.

ಇಂಥ ಕಟ್ಟಡದ ಒಂದೊಂದು ಅಂತಸ್ತನ್ನೂ 'ಲಾಫ್ಟ್' ಎನ್ನುತ್ತಾರೆ. ನಿಘಂಟು ನೋಡಿದರೆ ಅಟ್ಟ ಎಂಬ ಅರ್ಥ ಸಿಗುತ್ತದೆ. ಆದರೆ ಉಪ್ಪಿನಕಾಯಿ ಜಾಡಿ ಇಡುವ ನಮ್ಮ ಅಟ್ಟಕ್ಕೂ ಇದಕ್ಕೂ ಹೋಲಿಕೆಯಿಲ್ಲ. ನ್ಯೂಯಾರ್ಕಿನ ಒಂದು ನಿವೇಶನದ ವಾಡಿಕೆಯ ಅಳತೆ 25 ಅಡಿ ಅಗಲ, 100 ಅಡಿ ಉದ್ದ. ನಡುವೆ ಗೋಡೆಯೇ ಇಲ್ಲದೆ, ಸಾಲುಗಂಬಗಳ ಮೇಲೆ ನಿಂತ ಒಂದೇ ಹಜಾರ. ಎರಡಾಳು ಎತ್ತರದ ಸೂರು, ಸಾಮಾನೆತ್ತುವ ದೊಡ್ಡ ಲಿಫ್ಟು, ಯಂತ್ರಗಳ ಭಾರ ತಡೆಯುವ ನೆಲ.

ಎರಡನೆಯ ಮಹಾಯುದ್ಧದ ನಂತರ ಈ ಪ್ರದೇಶಕ್ಕೆ ಇಳಿಗಾಲ ಬಂತು. ಜವಳಿ ಕಾರ್ಖಾನೆಗಳು ಅಗ್ಗದ ಕೂಲಿ, ಅಗಲವಾದ ಜಾಗ ಹುಡುಕಿಕೊಂಡು ದಕ್ಷಿಣದ ರಾಜ್ಯಗಳಿಗೂ ಊರಾಚೆಗೂ ಹೊರಟುಹೋದವು. ಉಳಿದವು ಗೊಂಬೆ, ಪೆಟ್ಟಿಗೆ, ಚಿಂದಿಬಟ್ಟೆ, ರದ್ದಿಕಾಗದದ ಸಣ್ಣ ಕಾರ್ಖಾನೆಗಳು. ಮೇಲಿಂದ ಮೇಲೆ ಬೆಂಕಿ ಅನಾಹುತಗಳಾಗುತ್ತಿದ್ದುದರಿಂದ ಅಗ್ನಿಶಾಮಕ ದಳದವರು ಇದನ್ನು 'ನರಕದ ನೂರು ಎಕರೆ' ಎಂದು ಕರೆಯತೊಡಗಿದರು. ಅನೇಕ ಅಂತಸ್ತುಗಳು ಖಾಲಿ ಬಿದ್ದವು.

ಆಗ ಬಂದವರು ಚಿತ್ರಕಾರರು, ಶಿಲ್ಪಿಗಳು. ಯುದ್ಧೋತ್ತರ ಅಮೆರಿಕದ ಚಿತ್ರಕಲೆ ಗೋಡೆಯಗಲದ ಪಟಗಳನ್ನು ಬೇಡುವ ಕಲೆಯಾಗಿತ್ತು. ಅದು ಬಾಡಿಗೆಮನೆಯ ಕೋಣೆಯಲ್ಲಿ ಹಿಡಿಸುವಂಥದಲ್ಲ. ಖಾಲಿ ಮಳಿಗೆಯ ಒಡೆಯನಿಗೂ ನಾಲ್ಕು ಕಾಸು ಬಂದರೆ ಲಾಭವೇ. ಆದರೆ ಈ ಪ್ರದೇಶ ಕೈಗಾರಿಕೆಗೆ ಮೀಸಲು. ಇಲ್ಲಿ ಕೆಲಸ ಮಾಡಬಹುದೇ ಹೊರತು ಮಲಗುವಂತಿರಲಿಲ್ಲ. ಎರಡು ಬಾಡಿಗೆ ತೆರುವ ಶಕ್ತಿಯಿಲ್ಲದ ಕಲಾವಿದರು ಕದ್ದುಮುಚ್ಚಿ ಅಲ್ಲೇ ಸಂಸಾರ ಹೂಡಿದರು. ಹಾಸಿಗೆಯನ್ನು ಹಗಲು ಮಡಿಸಿ ಮರೆಮಾಡುವುದು, ತನಿಖೆಯವರು ಬಂದರೆ ಒಲೆಯನ್ನು ಪಟದ ಹಿಂದೆ ಸರಿಸುವುದು, ರಾತ್ರಿ ದೀಪದ ಬೆಳಕು ಹೊರಬೀಳದಂತೆ ಕಿಟಕಿಗೆ ಕಪ್ಪುಬಟ್ಟೆ ಕಟ್ಟುವುದು ಇವೆಲ್ಲ ದಿನಚರಿಯಾದವು. ಮನೆಯ ಕಸವನ್ನು ಬಾಗಿಲ ಮುಂದಿಟ್ಟರೆ ಗುಟ್ಟು ರಟ್ಟಾದೀತೆಂದು, ಕತ್ತಲಾದ ಮೇಲೆ ದೂರದ ತೊಟ್ಟಿಗೆ ಹೊತ್ತುಹಾಕುತ್ತಿದ್ದರು. ಸಂಜೆ ಕಾರ್ಖಾನೆ ಮುಚ್ಚಿದೊಡನೆ ಕಟ್ಟಡದ ಶಾಖಯಂತ್ರವೂ ನಿಲ್ಲುತ್ತಿತ್ತು. ಅಲ್ಲಿನ ಚಳಿಗಾಲವನ್ನು ಕಂಡವರಿಗೆ ಅದರ ಕಷ್ಟ ಅರ್ಥವಾಗುತ್ತದೆ.

1960ರ ಸುಮಾರಿಗೆ ತನಿಖೆಗಳು ಬಿಗಿಯಾದವು, ಅನೇಕರನ್ನು ಹೊರಹಾಕಲಾಯಿತು. ಆಗ ಕಲಾವಿದರು ಬಾಡಿಗೆದಾರರ ಸಂಘವೊಂದನ್ನು ಕಟ್ಟಿಕೊಂಡು 1961ರಲ್ಲಿ ವಿಚಿತ್ರವಾದ ಬೆದರಿಕೆಯೊಂದನ್ನು ಒಡ್ಡಿದರು: ಮುಷ್ಕರ. ಗಿರಣಿಯ ಕಾರ್ಮಿಕ ಮುಷ್ಕರ ಹೂಡಿದರೆ ಬಟ್ಟೆ ನಿಲ್ಲುತ್ತದೆ. ಚಿತ್ರಕಾರ ಹೂಡಿದರೆ ಏನು ನಿಲ್ಲುತ್ತದೆ? ನಗೆಯಾಡಲು ಒದಗುವ ಪ್ರಶ್ನೆಯೇ ಸರಿ. ಆದರೆ ಪ್ರದರ್ಶನಗಳಿಗೆ ತಮ್ಮ ಕೃತಿಗಳನ್ನು ಕೊಡುವುದಿಲ್ಲವೆಂದು ಅವರು ಘೋಷಿಸಿದಾಗ, ಕಲೆಯ ರಾಜಧಾನಿ ಎಂದು ಬೀಗುತ್ತಿದ್ದ ನಗರಕ್ಕೆ ಮುಜುಗರವಾಯಿತು. ಮೇಯರ್ ರಾಬರ್ಟ್ ವ್ಯಾಗ್ನರ್ ಅವರ ಆಡಳಿತ ಮಾತುಕತೆಗೆ ಒಪ್ಪಿತು. ನಿಗದಿಯಾದ ಸುರಕ್ಷತಾ ಕ್ರಮಗಳಿದ್ದರೆ ಕಲಾವಿದರು ಮಳಿಗೆಗಳಲ್ಲಿ ಇರಬಹುದು, ಬಾಗಿಲಲ್ಲಿ ಎ. ಐ. ಆರ್. ಎಂಬ ಫಲಕ ಹಾಕಿರಬೇಕು. ಹೀಗೆ ಹುಟ್ಟಿತು ಆ ಮೂರಕ್ಷರ.

1964ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆಯೇ ವಸತಿ ಕಾನೂನಿಗೆ ಹೊಸ ವಿಧಿ ಸೇರಿಸಿ ಈ ಪದ್ಧತಿಗೆ ಶಾಸನದ ಬಲ ಕೊಟ್ಟಿತು. ಮೊದಲು ಚಿತ್ರಶಿಲ್ಪಗಳವರಿಗೆ ಮಾತ್ರವಿದ್ದ ಈ ಅವಕಾಶ 1968ರ ತಿದ್ದುಪಡಿಯಿಂದ ಸಂಗೀತ, ನೃತ್ಯ ಮೊದಲಾದವರಿಗೂ ಹಬ್ಬಿತು. ಇದರಿಂದ ಒಂದು ಧರ್ಮಸೂಕ್ಷ್ಮವೂ ಎದ್ದಿತು. ಕಲಾವಿದನಿಗೆ ಮಾತ್ರ ಅನುಮತಿ ಎಂದಮೇಲೆ ಕಲಾವಿದ ಯಾರು ಎಂಬುದನ್ನು ಸರಕಾರವೇ ತೀರ್ಮಾನಿಸಿ ಪ್ರಮಾಣಪತ್ರ ಕೊಡಬೇಕಾಯಿತು. ಕಾವ್ಯಮೀಮಾಂಸೆಯನ್ನು ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಇದನ್ನು ಓದಿ ನಗುವೂ ಬಂತು, ಮರುಕವೂ ಆಯಿತು. ಕವಿ ಯಾರು ಎಂಬುದಕ್ಕೆ ಆನಂದವರ್ಧನನಿಂದ ಹಿಡಿದು ಇಂದಿನವರೆಗೆ ವಾದ ಮುಗಿದಿಲ್ಲ. ನಗರಪಾಲಿಕೆಯ ಗುಮಾಸ್ತ ಅದಕ್ಕೆ ಮೊಹರು ಒತ್ತಬೇಕಾಯಿತಲ್ಲ! ಆದರೂ ಆ ಮೊಹರಿಲ್ಲದಿದ್ದರೆ ಅವರು ಬೀದಿಪಾಲಾಗುತ್ತಿದ್ದರು ಎಂಬುದೂ ಅಷ್ಟೇ ನಿಜ.

ಇಷ್ಟರಲ್ಲೇ ಮೇಲಿನಿಂದ ಇನ್ನೊಂದು ಗಂಡಾಂತರ ಕವಿದಿತ್ತು. ನಗರದ ಸೇತುವೆ ಹೆದ್ದಾರಿಗಳನ್ನೆಲ್ಲ ಕಟ್ಟಿಸಿದ ಬಲಶಾಲಿ ಅಧಿಕಾರಿ ರಾಬರ್ಟ್ ಮೋಸೆಸ್, ಪಶ್ಚಿಮದ ಸುರಂಗಮಾರ್ಗದಿಂದ ಪೂರ್ವದ ಸೇತುವೆಗಳವರೆಗೆ ಬ್ರೂಮ್ ಬೀದಿಯನ್ನು ಸೀಳಿಕೊಂಡು ಹೋಗುವ ಹತ್ತು ಸಾಲಿನ ಎತ್ತರದ ಹೆದ್ದಾರಿಯೊಂದನ್ನು ಯೋಜಿಸಿದ್ದರು. ಸುಮಾರು 2000 ಕುಟುಂಬಗಳೂ 800 ಉದ್ಯಮಗಳೂ ಅದಕ್ಕೆ ಬಲಿಯಾಗಬೇಕಿತ್ತು. 1963ರಲ್ಲಿ ಚೆಸ್ಟರ್ ರ್ಯಾಪ್ಕಿನ್ ಎಂಬ ನಗರ ಯೋಜನಾ ತಜ್ಞರು ಇಲ್ಲಿನ ಕಾರ್ಖಾನೆಗಳನ್ನು ಅಧ್ಯಯನ ಮಾಡಿ, ಇದು ಹಾಳುಬಿದ್ದ ಪ್ರದೇಶವಲ್ಲ, ಕರಿಯ ಜನರಿಗೂ ಪೋರ್ಟೊರಿಕೋದಿಂದ ಬಂದ ಬಡವರಿಗೂ ಅನ್ನ ಕೊಡುತ್ತಿರುವ ಪ್ರದೇಶವೆಂದು ತೋರಿಸಿಕೊಟ್ಟರು. ಈ ಮಾತನ್ನು ನೆನಪಿಡಬೇಕು. ಸೋಹೋವಿನ ಕತೆಯನ್ನು ಹೇಳುವವರು ಖಾಲಿ ಜಾಗಕ್ಕೆ ಕಲಾವಿದರು ಬಂದರು ಎನ್ನುತ್ತಾರೆ. ಅಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತ ಹೆಂಗಸರಿದ್ದರು, ಪೆಟ್ಟಿಗೆ ಮಡಿಸುವ ಗಂಡಸರಿದ್ದರು. ಅವರಿಗಾಗಿ ಯಾರೂ ಮೂರಕ್ಷರದ ಫಲಕ ಮಾಡಿಸಲಿಲ್ಲ.

ಹೆದ್ದಾರಿಯ ವಿರುದ್ಧ ಹೋರಾಟದ ಮುಂಚೂಣಿಯಲ್ಲಿದ್ದವರು ಜೇನ್ ಜೇಕಬ್ಸ್ ಎಂಬ ಲೇಖಕಿ. ನಗರಗಳ ಬದುಕನ್ನು ಕುರಿತ ಅವರ ಗ್ರಂಥ 1961ರಲ್ಲಿ ಪ್ರಕಟವಾಗಿ ಹೆಸರಾಗಿತ್ತು. 1968ರ ಏಪ್ರಿಲ್ಲಿನಲ್ಲಿ ಒಂದು ಸಾರ್ವಜನಿಕ ಅಹವಾಲು ಸಭೆ. ಅಧಿಕಾರಿಗಳು ಜನರ ಮಾತಿಗೆ ಕಿವಿಗೊಡದೆ ಶಾಸ್ತ್ರಕ್ಕೆ ಸಭೆ ನಡೆಸುತ್ತಿದ್ದಾರೆಂದು ಕಂಡ ಆಕೆ ಜನರೊಡನೆ ವೇದಿಕೆಯನ್ನೇರಿದರು. ಗಲಿಬಿಲಿಯಲ್ಲಿ ಶೀಘ್ರಲಿಪಿಯ ಯಂತ್ರದ ಕಾಗದದ ಸುರುಳಿ ಹರಿದು ಚೆಲ್ಲಾಪಿಲ್ಲಿಯಾಯಿತು. ದಾಖಲೆ ಇಲ್ಲವಾದ್ದರಿಂದ ಸಭೆಯೇ ನಡೆಯಲಿಲ್ಲವೆಂದು ಆಕೆ ಸಾರಿದರು. ಪೊಲೀಸರು ಆಕೆಯನ್ನು ಬಂಧಿಸಿದರು. ಕಲಾವಿದರೂ ಸಂಘ ಕಟ್ಟಿಕೊಂಡು ಹೋರಾಟಕ್ಕಿಳಿದರು. ಕಡೆಗೆ 1969ರಲ್ಲಿ ಮೇಯರ್ ಜಾನ್ ಲಿಂಡ್ಸೆ ಯೋಜನೆಯನ್ನು ಕೈಬಿಟ್ಟರು.

ಈ ನಡುವೆ ಇದಕ್ಕೊಂದು ಶಾಶ್ವತ ಪರಿಹಾರ ಹುಡುಕಿದಾತ ಜಾರ್ಜ್ ಮಾಚ್ಯೂನಸ್. ಲಿಥುವೇನಿಯಾದಲ್ಲಿ 1931ರಲ್ಲಿ ಹುಟ್ಟಿ, ಯುದ್ಧದ ದೆಸೆಯಿಂದ ದೇಶಬಿಟ್ಟು ಬಂದವನು. ಫ್ಲಕ್ಸಸ್ ಎಂಬ ಕಲಾಚಳವಳಿಯ ಪ್ರವರ್ತಕ. ಬಾಡಿಗೆದಾರನಾಗಿರುವವರೆಗೆ ಕಲಾವಿದನಿಗೆ ನೆಲೆಯಿಲ್ಲ, ಒಟ್ಟಾಗಿ ಕಟ್ಟಡವನ್ನೇ ಕೊಳ್ಳಬೇಕು ಎಂಬುದು ಅವನ ಸರಳವಾದ ಸೂತ್ರ. ಒಂದು ದತ್ತಿ ಸಂಸ್ಥೆಯ ನೆರವಿನೊಡನೆ 1967ರಲ್ಲಿ ವೂಸ್ಟರ್ ಬೀದಿಯ 80ನೆಯ ನಂಬರಿನ ಕಟ್ಟಡವನ್ನು ಸಹಕಾರ ಸಂಘವಾಗಿಸಿದ. ಒಬ್ಬೊಬ್ಬ ಸದಸ್ಯನಿಗೂ ಒಂದೊಂದು ಅಂತಸ್ತೋ ಅದರ ಭಾಗವೋ. ನೆಲಮಾಳಿಗೆಯ ಕಷ್ಟ, ಮಾಳಿಗೆಯ ಸೋರಿಕೆ ಎಲ್ಲಕ್ಕೂ ಎಲ್ಲರೂ ಹೊಣೆ. ಕೆಳ ಅಂತಸ್ತಿನಲ್ಲಿ ಅವನ ನಾಡಿನವನೇ ಆದ ಜೋನಸ್ ಮೇಕಸ್ ಪ್ರಯೋಗಶೀಲ ಚಲನಚಿತ್ರಗಳ ಪ್ರದರ್ಶನ ನಡೆಸಿದ. ಕೆಲವೇ ವರ್ಷಗಳಲ್ಲಿ ಹೀಗೆ ಹದಿನೈದರಷ್ಟು ಕಟ್ಟಡಗಳು ಮಾಚ್ಯೂನಸನ ಮುಂದಾಳುತನದಲ್ಲಿ ಕಲಾವಿದರ ಕೈಸೇರಿದವು.

ಆದರೆ ಇವನಿಗೆ ಕನಸಿನಷ್ಟು ಕಾಗದಪತ್ರದಲ್ಲಿ ಶ್ರದ್ಧೆಯಿರಲಿಲ್ಲ. ಒಂದು ಕಟ್ಟಡದ ಹಣವನ್ನು ಇನ್ನೊಂದರ ದುರಸ್ತಿಗೆ ತಿರುಗಿಸುತ್ತಿದ್ದ. ಷೇರು ಮಾರಲು ಕಾನೂನಿನಂತೆ ಸಲ್ಲಿಸಬೇಕಾದ ವಿವರಣಪತ್ರಗಳನ್ನು ಸಲ್ಲಿಸಲಿಲ್ಲ. ಸರಕಾರಿ ವಕೀಲರು ಬೆನ್ನುಹತ್ತಿದಾಗ ವೇಷ ಮರೆಸಿಕೊಂಡು ಓಡಾಡಿದ. ತಾನು ದೇಶದಲ್ಲೇ ಇಲ್ಲವೆಂದು ನಂಬಿಸಲು ಗೆಳೆಯರ ಮೂಲಕ ಬೇರೆಬೇರೆ ದೇಶಗಳಿಂದ ಅಂಚೆಕಾರ್ಡು ಹಾಕಿಸಿದ. ಹಣ ಬಾಕಿಯ ಜಗಳದಲ್ಲಿ 1975ರಲ್ಲಿ ಗೂಂಡಾಗಳ ಹೊಡೆತ ತಿಂದು ಒಂದು ಕಣ್ಣನ್ನು ಕಳೆದುಕೊಂಡ. ಸೋಹೋವನ್ನು ಬಿಟ್ಟುಹೋಗಿ 1978ರಲ್ಲಿ ತೀರಿಕೊಂಡ. ನೂರಾರು ಮಂದಿಗೆ ನೆಲೆ ಮಾಡಿಕೊಟ್ಟವನು ಆ ನೆಲೆಯಲ್ಲಿ ತಾನು ಉಳಿಯಲಿಲ್ಲ.

ಈ ಅಸ್ಥಿರತೆಯ ನಡುವೆಯೇ ಅಲ್ಲಿ ಬೆಳೆದ ಕೂಡುಬಾಳು ಮನಸ್ಸಿಗೆ ಹಿಡಿಸುವಂಥದು. 1970ರಲ್ಲಿ ಗ್ರೀನ್ ಬೀದಿಯ 112ನೆಯ ನಂಬರಿನ ಮಳಿಗೆಯೊಂದನ್ನು ಜೆಫ್ರಿ ಲ್ಯೂ, ಗಾರ್ಡನ್ ಮಟ್ಟಾ-ಕ್ಲಾರ್ಕ್ ಮೊದಲಾದವರು ಎಲ್ಲರಿಗೂ ತೆರೆದರು. ಅಲ್ಲಿ ನೆಲವನ್ನು ಅಗೆಯಬಹುದಿತ್ತು, ಗೋಡೆಯನ್ನು ಕೊರೆಯಬಹುದಿತ್ತು, ಬೆಲೆಚೀಟಿಯ ಹಂಗಿರಲಿಲ್ಲ. 1971ರಲ್ಲಿ ಕ್ಯಾರೊಲ್ ಗುಡನ್ ಹಾಗೂ ಇದೇ ಮಟ್ಟಾ-ಕ್ಲಾರ್ಕ್ ಜೊತೆಗಾರರೊಡನೆ ಪ್ರಿನ್ಸ್ ಬೀದಿಯ ಮೂಲೆಯಲ್ಲಿ 'ಫುಡ್' ಎಂಬ ಹೋಟೆಲು ತೆರೆದರು. ಅಡಿಗೆ ಮಾಡುವವರು, ಬಡಿಸುವವರು, ಪಾತ್ರೆ ತೊಳೆಯುವವರು ಎಲ್ಲ ಕಲಾವಿದರೇ. ಪ್ರದರ್ಶನವಿದ್ದವರು ರಜೆ ಪಡೆಯುತ್ತಿದ್ದರು, ಇಲ್ಲದವರು ಸೌಟು ಹಿಡಿಯುತ್ತಿದ್ದರು. ನನಗೆ ಇದನ್ನು ಓದುವಾಗ ನಮ್ಮ ವಾರಾನ್ನದ ಪದ್ಧತಿ ನೆನಪಾಯಿತು. ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರ ಪೀಳಿಗೆ ನನ್ನ ಗುರುಗಳದು. ಕೊಡುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು ಎಂಬ ಆ ಸಂಕೋಚ ಮಾತ್ರ ಇಲ್ಲಿರಲಿಲ್ಲ. ಹೋಟೆಲು ಮೂರು ವರ್ಷದೊಳಗಾಗಿ ಅವರ ಕೈಬಿಟ್ಟಿತು. ಅನ್ನದಾನಕ್ಕೂ ಲೆಕ್ಕಪತ್ರ ಬೇಕು!

ನಮ್ಮ ದೇಶದವರೂ ಈ ಬೀದಿಗಳಲ್ಲಿ ಇದ್ದರು. ಗುಜರಾತಿನ ನಟವರ ಭಾವಸಾರ್ 1960ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ಸೋಹೋದಲ್ಲಿ ನೆಲೆನಿಂತವರು. ಪಟವನ್ನು ನೆಲದ ಮೇಲೆ ಹಾಸಿ, ಒಣ ಬಣ್ಣದ ಪುಡಿಯನ್ನು ಜರಡಿಯಿಂದ ಪದರಪದರವಾಗಿ ಉದುರಿಸುವುದು ಅವರ ರೀತಿ. ರಂಗೋಲಿ ಇಡುವ ಕೈಯನ್ನು ಕಂಡ ನಮಗೆ ಅದು ಅಪರಿಚಿತವಲ್ಲ. ಆದರೆ ಅಂಥ ಹಾಸು ರಂಗೋಲಿಗೆ ಅಂಗಳದಷ್ಟು ನೆಲ ಬೇಕು. ಅದನ್ನು ಆ ಗೋದಾಮು ಕೊಟ್ಟಿತು. ಮುದ್ರಣಕಲೆಯಲ್ಲಿ ಜಗತ್ಪ್ರಸಿದ್ಧರಾದ, ಚಿತ್ತೂರು ಸೀಮೆಯಲ್ಲಿ ಹುಟ್ಟಿದ ಕೃಷ್ಣಾರೆಡ್ಡಿಯವರೂ ಅಲ್ಲಿಯ ನಿವಾಸಿಗಳಾಗಿದ್ದರು.

1971ರಲ್ಲಿ ನಗರವು ವಲಯ ನಿಯಮವನ್ನೇ ಬದಲಿಸಿ ಸೋಹೋದ ಕಲಾವಿದರ ವಾಸವನ್ನು ಸಕ್ರಮಗೊಳಿಸಿತು. 1973ರಲ್ಲಿ ಸುಮಾರು 500 ಕಟ್ಟಡಗಳಿರುವ ಪ್ರದೇಶವನ್ನು ಚಾರಿತ್ರಿಕ ವಲಯವೆಂದು ಘೋಷಿಸಿ ರಕ್ಷಣೆ ಕೊಟ್ಟಿತು. ಕತೆ ಇಲ್ಲಿಗೆ ಮುಗಿದಿದ್ದರೆ ಮಂಗಳಾರತಿ ಎತ್ತಬಹುದಿತ್ತು. ಆದರೆ ಬೆಂಕಿಯೂ ಹೆದ್ದಾರಿಯೂ ಮಾಡಲಾಗದ ಕೆಲಸವನ್ನು ಈಗ ಕೀರ್ತಿ ಮಾಡಿತು. 1968ರಲ್ಲಿ ಪೌಲಾ ಕೂಪರ್ ಎಂಬಾಕೆ ಇಲ್ಲಿ ಮೊದಲ ಕಲಾಮಳಿಗೆ ತೆರೆದಿದ್ದಳು. 1971ರ ಹೊತ್ತಿಗೆ ದೊಡ್ಡ ವ್ಯಾಪಾರಿಗಳೂ ಬಂದರು. ಪತ್ರಿಕೆಗಳಲ್ಲಿ ಲಾಫ್ಟುಗಳ ವರ್ಣಚಿತ್ರ ಬಂದವು. ಕಲಾವಿದನ ಬಡತನ ಹಣವಂತನ ಕಣ್ಣಿಗೆ ಒಂದು ಶೈಲಿಯಾಗಿ ಕಂಡಿತು. ಪ್ರಮಾಣಪತ್ರವಿಲ್ಲದವರೂ ಬಂದು ನೆಲಸಿದರು; ತಡೆಯುವವರಿರಲಿಲ್ಲ. ಬಾಡಿಗೆ ಏರಿತು. 1982ರ ಲಾಫ್ಟ್ ಕಾನೂನು ಹಳೆಯ ಬಾಡಿಗೆದಾರರಿಗೆ ಒಂದಿಷ್ಟು ಆಸರೆ ಕೊಟ್ಟಿತಾದರೂ ಪ್ರವಾಹ ನಿಲ್ಲಲಿಲ್ಲ. 1996ರಲ್ಲಿ ಪೌಲಾ ಕೂಪರ್ ಸಹ ತನ್ನ ಮಳಿಗೆಯನ್ನು ಚೆಲ್ಸಿ ಎಂಬಲ್ಲಿಗೆ ಸಾಗಿಸಿದಳು.

ಉಳಿದವರು ಯಾರು? ತಮ್ಮ ನೆಲೆಗೆ ಪತ್ರವಿದ್ದವರು. ಡೊನಾಲ್ಡ್ ಜಡ್ ಎಂಬ ಶಿಲ್ಪಿ 1968ರಲ್ಲಿ ಸ್ಪ್ರಿಂಗ್ ಬೀದಿಯ 101ನೆಯ ನಂಬರಿನ ಐದಂತಸ್ತಿನ ಕಟ್ಟಡವನ್ನು 68,000 ಡಾಲರಿಗೆ ಕೊಂಡಿದ್ದ. 1994ರಲ್ಲಿ ಅವನು ತೀರಿದ ಮೇಲೂ ಅದು ಅವನು ಜೋಡಿಸಿದಂತೆಯೇ ಉಳಿದು, 2013ರಿಂದ ಜನರ ದರ್ಶನಕ್ಕೆ ತೆರೆದಿದೆ. ಮಗಳೊಡನೆ ಒಂದು ಭಾನುವಾರ ಆ ಬೀದಿಗಳಲ್ಲಿ ಸುತ್ತಾಡಿದೆ. ಎರಕದ ಕಂಬಗಳಿಗೆ ಹೊಸ ಬಣ್ಣ. ಕಂಬಗಳ ನಡುವೆ ಕೈಚೀಲ, ಪಾದರಕ್ಷೆ, ಗಡಿಯಾರಗಳ ಅಂಗಡಿ. ಒಂದು ಕೈಚೀಲದ ಬೆಲೆ ಕೇಳಿ ಮಗಳು, "ಅಪ್ಪಾ, ಇದು ನಿಮ್ಮ ಆರು ತಿಂಗಳ ಪಿಂಚಣಿ" ಎಂದು ನಕ್ಕಳು.

ಅಲ್ಲಿಂದ ಪಶ್ಚಿಮಕ್ಕೆ, ಹಡ್ಸನ್ ನದಿಯ ದಡದಲ್ಲಿ ವೆಸ್ಟ್‌ಬೆತ್ ಎಂಬ ಕಟ್ಟಡ ಸಮುಚ್ಚಯವಿದೆ. ಅದನ್ನು ನೋಡಬೇಕೆಂದು ನಾನೇ ಹಟ ಹಿಡಿದೆ. ಇದು ಮೊದಲು ಬೆಲ್ ದೂರವಾಣಿ ಸಂಸ್ಥೆಯ ಪ್ರಯೋಗಶಾಲೆಯಾಗಿತ್ತು; ಮಾತಾಡುವ ಚಲನಚಿತ್ರದ ಧ್ವನಿತಂತ್ರ ರೂಪುಗೊಂಡದ್ದು ಇಲ್ಲೇ. ಸರಕು ರೈಲಿನ ಮೇಲುಹಳಿ ಕಟ್ಟಡದ ಒಡಲನ್ನೇ ತೂರಿಕೊಂಡು ಹೋಗಿತ್ತು. 1966ರಲ್ಲಿ ಪ್ರಯೋಗಶಾಲೆ ಜಾಗ ಖಾಲಿಮಾಡಿದಾಗ, ಮಾಚ್ಯೂನಸನಿಗೆ ನೆರವಾಗಿದ್ದ ಕಾಪ್ಲನ್ ದತ್ತಿಯೂ ಕೇಂದ್ರ ಸರಕಾರದ ಕಲಾನಿಧಿಯೂ ಕೂಡಿ ಅದನ್ನು ಕಲಾವಿದರ ವಸತಿಯಾಗಿಸಲು ಮುಂದಾದವು. ರಿಚರ್ಡ್ ಮೈಯರ್ ಎಂಬ ತರುಣ ವಾಸ್ತುಶಿಲ್ಪಿ ಕೆಡವದೆಯೇ ಒಳಗನ್ನು ಮಾರ್ಪಡಿಸಿದರು. 1970ರಲ್ಲಿ 380ಕ್ಕೂ ಮಿಕ್ಕಿದ ವಾಸ-ಕಾರ್ಯಾಗಾರಗಳು ಸಿದ್ಧವಾದವು. ನೃತ್ಯಪ್ರವರ್ತಕ ಮರ್ಸ್ ಕನ್ನಿಂಗ್‌ಹ್ಯಾಮ್ ಅವರ ತಂಡ ನಾಲ್ಕು ದಶಕ ಇಲ್ಲಿನ ಮೇಲಂತಸ್ತಿನಲ್ಲಿ ಅಭ್ಯಾಸ ಮಾಡಿತು.

ಇಲ್ಲಿ ಒಡೆಯನಿಗೆ ಲಾಭದ ಆಸೆಯಿಲ್ಲ. ಆಸ್ತಿ ಲಾಭರಹಿತ ಸಂಸ್ಥೆಯದು. ಆದ್ದರಿಂದ ಸುತ್ತಲಿನ ಬೆಲೆ ಮುಗಿಲು ಮುಟ್ಟಿದರೂ ಒಳಗಿನವರನ್ನು ಎಬ್ಬಿಸುವವರಿಲ್ಲ. ದೋಷಗಳಿಲ್ಲವೆಂದಲ್ಲ. ಮೊದಲು ಬಂದವರು ಅಲ್ಲೇ ಮುದುಕರಾದರು. ಹೊಸ ತಲೆಮಾರಿನವರ ಸರದಿಪಟ್ಟಿ ಎಷ್ಟು ಉದ್ದವಾಯಿತೆಂದರೆ ವರ್ಷಗಟ್ಟಲೆ ಹೊಸ ಅರ್ಜಿಗಳನ್ನೇ ತೆಗೆದುಕೊಳ್ಳಲಿಲ್ಲ. 2012ರ ಚಂಡಮಾರುತದಲ್ಲಿ ನದಿ ಉಕ್ಕಿ ನೆಲಮಾಳಿಗೆಗೆ ನುಗ್ಗಿ, ಅಲ್ಲಿ ಕೂಡಿಟ್ಟಿದ್ದ ಎಷ್ಟೋ ಕಲಾವಿದರ ಜೀವಮಾನದ ಕೃತಿಗಳು ನೀರುಪಾಲಾದವು. ಆದರೂ ನಾನು ಹೋದ ದಿನ ಅಂಗಳದಲ್ಲಿ ಬಿಳಿಗೂದಲಿನ ಹೆಂಗಸೊಬ್ಬರು ಬಣ್ಣ ಮೆತ್ತಿದ ಮೇಲಂಗಿ ತೊಟ್ಟು, ತರಕಾರಿ ಚೀಲ ಹಿಡಿದು ತಮ್ಮ ಮನೆಗೆ ಹೋಗುತ್ತಿದ್ದರು. ಅರ್ಧ ಶತಮಾನದ ಇತಿಹಾಸದಲ್ಲಿ ನಾನು ಹುಡುಕುತ್ತಿದ್ದದ್ದು ಆ ನಡಿಗೆಯ ನಿಶ್ಚಿಂತೆಯನ್ನು.

ಈಗ ನನ್ನ ಮಾತು. 1987ರಿಂದ ಹನ್ನೊಂದು ವರ್ಷ ನಾನು ಅಧ್ಯಾಪಕನಾಗಿದ್ದ ಮಧ್ಯ ಕರ್ನಾಟಕದ ಊರೊಂದರಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ತಂಡವಿತ್ತು. ಪೇಟೆಯ ನಡುವೆ, ಮುಚ್ಚಿಹೋದ ಹತ್ತಿ ವ್ಯಾಪಾರದ ಗೋದಾಮೊಂದನ್ನು ಅದರ ಯಜಮಾನರು ನಮಗೆ ಬಿಟ್ಟುಕೊಟ್ಟಿದ್ದರು. "ಇರ್ರಿ ಮೇಷ್ಟ್ರೇ, ಹಾಳುಬಿದ್ದ ಜಾಗ. ನೀವು ಕುಣಿದ್ರೆ ಇಲಿಗಳಾದ್ರೂ ಓಡಿಹೋಗ್ತಾವೆ" ಎಂದಿದ್ದರು. ಬಾಡಿಗೆ ಇಲ್ಲ. ಅಲ್ಲಿ ನಾಟಕದ ತಾಲೀಮು ನಡೆಯುತ್ತಿತ್ತು. ಒಂದು ಮೂಲೆಯಲ್ಲಿ ಚಿತ್ರಕಲಾ ಶಿಕ್ಷಕರೊಬ್ಬರು ಪರದೆ ಬರೆಯುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಹುಡುಗರು ಗೋಡೆಪತ್ರಿಕೆ ತರುತ್ತಿದ್ದರು. ನಾನು ಕಾರ್ಯದರ್ಶಿ. ವಕೀಲರಾಗಿದ್ದ ಹಿರಿಯ ಸದಸ್ಯರೊಬ್ಬರು, "ಯಜಮಾನರು ಒಳ್ಳೆಯವರಿದ್ದಾಗಲೇ ಒಂದು ಕರಾರುಪತ್ರ ಮಾಡಿಸಿಕೊಳ್ಳಿ, ಹತ್ತಿಪ್ಪತ್ತು ವರ್ಷಕ್ಕೆ" ಎಂದು ಎರಡು ಸಲ ಹೇಳಿದರು. ಸ್ನೇಹದ ನಡುವೆ ಛಾಪಾಕಾಗದ ತರುವುದು ನನಗೆ ಅವಮಾನವಾಗಿ ತೋರಿತು. "ಪ್ರೀತಿಗೆ ರಿಜಿಸ್ಟ್ರಿ ಏಕೆ ಸ್ವಾಮೀ?" ಎಂದುಬಿಟ್ಟೆ. ಸಭೆ ಚಪ್ಪಾಳೆ ತಟ್ಟಿತು.

1998ರಲ್ಲಿ ಯಜಮಾನರು ತೀರಿಕೊಂಡರು. ಮಕ್ಕಳು ಪಾಲಾದರು. ಜಾಗದ ಬೆಲೆ ಆ ಹೊತ್ತಿಗೆ ಬಹಳ ಏರಿತ್ತು. ಹಿರಿಯ ಮಗ ಮನೆಗೇ ಬಂದು, ಕೈಮುಗಿದು, "ಏನೂ ಮಾಡೋ ಹಾಗಿಲ್ಲ ಸಾರ್, ನಾಲ್ಕು ಜನರ ಪಾಲು" ಎಂದ. ಅವನದು ತಪ್ಪೆನ್ನಲು ನನಗೆ ಬಾಯಿಲ್ಲ. ಅಲ್ಲೀಗ ಕಲ್ಯಾಣ ಮಂಟಪವಿದೆ. ಪರದೆಗಳನ್ನು ಒಂದಷ್ಟು ದಿನ ಒಬ್ಬೊಬ್ಬರ ಮನೆಯಲ್ಲಿ ಇಟ್ಟೆವು; ಮಳೆಗಾಲಕ್ಕೆ ಅವು ಬೂಷ್ಟು ಹಿಡಿದವು. ತಂಡ ಮತ್ತೆ ಕೂಡಲಿಲ್ಲ. ಅಂದು ಚಪ್ಪಾಳೆ ಗಿಟ್ಟಿಸಿದ ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ಬೆಂಗಳೂರಿನ ಶಾಂತಿನಗರದಲ್ಲಿ ಕಲಾವಿದ, ಕಲಾಚರಿತ್ರಕಾರ ಸುರೇಶ್ ಜಯರಾಮ್ ಅವರು 2003ರಲ್ಲಿ ತಮ್ಮ ಮನೆಯನ್ನೇ ಕಲಾವಿದರ ತಂಗುದಾಣವಾಗಿ, ಚಿತ್ರಶಾಲೆಯಾಗಿ ತೆರೆದರು. '1 ಶಾಂತಿರೋಡ್' ಎಂಬ ಆ ವಿಳಾಸವೇ ಅದರ ಹೆಸರು. ದೇಶವಿದೇಶಗಳ ಕಲಾವಿದರು ಅಲ್ಲಿ ತಂಗಿ ಕೆಲಸ ಮಾಡಿದ್ದಾರೆ. ಗೋಪಾಲಸ್ವಾಮಿಯವರು ಮನೆಯಲ್ಲಿ ಬಾನುಲಿ ನಡೆಸಿದ ಪರಂಪರೆಯದೇ ಇದು ಎನ್ನಬಹುದು: ನಮ್ಮಲ್ಲಿ ಸಂಸ್ಥೆಗಳು ಹುಟ್ಟುವುದು ಯಾರೋ ಒಬ್ಬರ ಮನೆಯಲ್ಲಿ, ಯಾರೋ ಒಬ್ಬರ ಔದಾರ್ಯದಲ್ಲಿ. ಆದರೆ ಔದಾರ್ಯ ಒಂದು ಜೀವಮಾನದ್ದು. ಅದು ಮುಂದಿನವರಿಗೂ ದಕ್ಕಬೇಕಾದರೆ ಅದನ್ನು ವ್ಯವಸ್ಥೆಯಾಗಿ ಮಾರ್ಪಡಿಸುವ ಎಚ್ಚರ ಬೇಕು. ಮೈಸೂರಿನ ಆ ಮನೆಯ ಬಾನುಲಿ ಉಳಿದದ್ದು, ಕೊನೆಗೆ ಅದನ್ನು ಸಾರ್ವಜನಿಕ ಸೊತ್ತಾಗಿ ವಹಿಸಿಕೊಳ್ಳುವವರಿದ್ದುದರಿಂದ ಅಲ್ಲವೇ?

ನಮ್ಮ ಊರುಗಳಲ್ಲಿ ಈಗಲೂ ಹಳೆಯ ಅಕ್ಕಿಗಿರಣಿಗಳು, ಹೆಂಚಿನ ಕಾರ್ಖಾನೆಗಳು, ಹತ್ತಿಯ ಗೋದಾಮುಗಳು ಖಾಲಿ ನಿಂತಿವೆ. ಅವುಗಳಲ್ಲಿ ಎಲ್ಲಾದರೂ ತರುಣರು ನಾಟಕ ಆಡುತ್ತಿದ್ದರೆ, ಚಿತ್ರ ಬರೆಯುತ್ತಿದ್ದರೆ, ಅವರಿಗೆ ನನ್ನದೊಂದು ವಿನಂತಿ. ಜಾಗ ಕೊಟ್ಟವರಿಗೆ ಕೈಮುಗಿಯಿರಿ. ಮೊದಲ ದಿನವೇ ಒಂದು ಛಾಪಾಕಾಗದವನ್ನೂ ಮುಂದಿಡಿ. ಅದರಿಂದ ಪ್ರೀತಿಗೆ ಕುಂದಿಲ್ಲ. ಗೋದಾಮಿನ ಬಾಗಿಲಲ್ಲಿ ತೂಗಿದ ಆ ಮೂರಕ್ಷರದ ಫಲಕ ಹೇಳುತ್ತಿದ್ದದ್ದೂ ಇಷ್ಟೇ: ಒಳಗೆ ಜನರಿದ್ದಾರೆ, ಮರೆಯಬೇಡಿ.